ಎಡಗೈ ಆರಿಸಿಕೊಟ್ಟ ಪಿಯಾನೊ

ನನಗೆ ಪಿಯಾನೊ ಸಿಗುವುದು ರಾತ್ರಿ ಹತ್ತರ ಮೇಲೆ, ಮನೆಯವರೆಲ್ಲ ಮಲಗಿದ ನಂತರ. 88 ಕೀಗಳ ಮಿಡಿ ಕೀಬೋರ್ಡ್, ಲ್ಯಾಪ್‌ಟಾಪ್, ಹೆಡ್‌ಫೋನ್, ಇಷ್ಟೇ. ಕೀಬೋರ್ಡ್‌ಗೆ ಸ್ವಂತ ಧ್ವನಿಯಿಲ್ಲ, ಲ್ಯಾಪ್‌ಟಾಪ್‌ನಲ್ಲಿರುವ ಸಾಫ್ಟ್‌ವೇರ್ ಪಿಯಾನೊ ಅದಕ್ಕೆ ಧ್ವನಿ ಕೊಡುತ್ತದೆ. ನುಡಿಸುವುದು ಜಾಸ್ತಿ ಬ್ಲೂಸ್, ಮಧ್ಯೆ ಒಂದೆರಡು ನಿಧಾನಗತಿಯ ಜಾಝ್ ಬ್ಯಾಲಡ್. ಜೊತೆಗೆ ಬೇಸ್ ಇಲ್ಲ, ಡ್ರಮ್ಸ್ ಇಲ್ಲ. ಆ ಕೆಲಸವನ್ನೆಲ್ಲ ಎಡಗೈಯೇ ಹೊರಬೇಕು.

ಇದು ತಲೆಗೆ ಹೋಗುವ ಮೊದಲು, ಕಿವಿಗೆ ಇಂಪಾಗಿದ್ದನ್ನು ಕೊಂಡುಕೊಂಡೆ. ದೊಡ್ಡ ಸಭಾಂಗಣದಲ್ಲಿ ರೆಕಾರ್ಡ್ ಮಾಡಿದ ಕಾನ್ಸರ್ಟ್ ಗ್ರ್ಯಾಂಡ್ (ತಂತಿಗಳು ಅಡ್ಡಡ್ಡ ಮಲಗಿರುವ ದೊಡ್ಡ ಪಿಯಾನೊ). ಒಂದು ಕಾರ್ಡ್ (ಒಟ್ಟಿಗೆ ನುಡಿಸುವ ಮೂರು ನಾಲ್ಕು ಸ್ವರ) ಒತ್ತಿ ಸುಮ್ನೆ ಕೂತರೆ ಮೈ ಜುಮ್ಮೆನ್ನುತ್ತಿತ್ತು. ಆದರೆ ವಾಕಿಂಗ್ ಬೇಸ್, ಅಂದರೆ ಹೆಜ್ಜೆ ಹಾಕಿದಂತೆ ಒಂದೊಂದೇ ಸ್ವರ ಸಾಗುವ ಎಡಗೈ ಓಟ, ಶುರು ಮಾಡಿದ ಕೂಡಲೇ ಕೆಳಗಿನ ಸ್ವರಗಳೆಲ್ಲ ಕಲಸುಮೇಲೋಗರ. ಸಭಾಂಗಣದ ಅನುರಣನ ರೆಕಾರ್ಡಿಂಗ್‌ನಲ್ಲೇ ಸೇರಿಹೋಗಿತ್ತು, ತೆಗೆಯಲು ದಾರಿಯೇ ಇರಲಿಲ್ಲ.

ಅಂದಿನಿಂದ ಯಾವ ಪಿಯಾನೊ ಸಿಕ್ಕರೂ ಮೊದಲು ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು ಕೂರುತ್ತೇನೆ. ರಿವರ್ಬ್ (ಕೃತಕ ಅನುರಣನ) ಪೂರ್ತಿ ತೆಗೆದು, ದೂರದ ಮೈಕ್‌ನ ರೆಕಾರ್ಡಿಂಗ್ ಇದ್ದರೆ ಅದನ್ನೂ ಆಫ್ ಮಾಡಿ, ಎಡಗೈ ಒಂದರಲ್ಲೇ 12 ಬಾರ್ (ತಾಳದ ಆವರ್ತದಂಥ ಅಳತೆ) ಬ್ಲೂಸ್ ಎರಡು ಸುತ್ತು. ಪ್ರತಿ ಸ್ವರ ಬಿಡಿಬಿಡಿಯಾಗಿ ಕೇಳಿದರೆ ಮಾತ್ರ ಬಲಗೈ ಎತ್ತುವುದು.

ಬಲಗೈಗೆ ಇರುವ ಪರೀಕ್ಷೆ ಒಂದೇ. ಸಿ ಬ್ಲೂಸ್‌ನಲ್ಲಿ ಇ ಫ್ಲ್ಯಾಟ್‌ನ ಕಪ್ಪು ಕೀಯಿಂದ ಪಕ್ಕದ ಇ ಬಿಳಿ ಕೀಗೆ ಅದೇ ಬೆರಳನ್ನು ಜಾರಿಸುವುದು. ನಮ್ಮ ಲೆಕ್ಕದಲ್ಲಿ ಸಾಧಾರಣ ಗಾಂಧಾರದಿಂದ ಅಂತರ ಗಾಂಧಾರಕ್ಕೆ. ವೀಣೆಯಲ್ಲಾದರೆ ತಂತಿ ಎಳೆದು ನಡುವಿನ ಜಾಗವನ್ನೆಲ್ಲ ಮುಟ್ಟಬಹುದು. ಪಿಯಾನೊದಲ್ಲಿ ಆಗದು. ಹಾಗಾಗಿ ಬ್ಲೂಸ್‌ನವರು ಎರಡನ್ನೂ ಒರೆಸಿದಂತೆ ನುಡಿಸುತ್ತಾರೆ. ಕಪ್ಪು ಕೀ ಮೆಲ್ಲಗೆ ಬೀಳುತ್ತದೆ, ಬಿಳಿ ಕೀ ಜೋರಾಗಿ. ಸ್ಯಾಂಪಲ್ ಪದರಗಳು, ಅಂದರೆ ಒಂದೇ ಸ್ವರವನ್ನು ಬೇರೆ ಬೇರೆ ಬಲದಲ್ಲಿ ನುಡಿಸಿ ಮಾಡಿದ ರೆಕಾರ್ಡಿಂಗ್‌ಗಳು, ಕಡಿಮೆ ಇದ್ದರೆ ಎರಡು ಸ್ವರ ಎರಡು ಪಿಯಾನೊಗಳಿಂದ ಬಂದಂತೆ ಕೇಳುತ್ತದೆ. ಬ್ಲೂಸ್‌ನ ಆ ಕೊರಗು ಮಾಯವಾಗಿ, ತಪ್ಪು ಕೀ ಒತ್ತಿದಂತಾಗುತ್ತದೆ. ಪುಕ್ಕಟೆ ಸಿಗುವ ಸಲಮ್ಯಾಂಡರ್ ಗ್ರ್ಯಾಂಡ್ ಎಂಬ ಸಾಫ್ಟ್‌ವೇರ್ ಪಿಯಾನೊ ಯಮಾಹಾ ಸಿ5ನಿಂದ ರೆಕಾರ್ಡ್ ಮಾಡಿದ್ದು, ಅದರಲ್ಲಿ 16 ಪದರಗಳಿವೆ. ಶುರು ಮಾಡುವವರಿಗೆ ನಾನು ಮೊದಲು ಹೇಳುವುದು ಅದನ್ನೇ.

ಆದರೆ ಅದನ್ನೂ ನಾನು ಒಂದು ವರ್ಷ ಮಂಕು ಎಂದು ಮೂಲೆಗೆ ಹಾಕಿದ್ದೆ. ತಪ್ಪು ಅದರದಲ್ಲ. ಕೀ ಎಷ್ಟು ವೇಗವಾಗಿ ಇಳಿಯಿತು ಎನ್ನುವುದನ್ನು ಕೀಬೋರ್ಡ್ 1ರಿಂದ 127ರವರೆಗಿನ ಅಂಕಿಯಾಗಿ ಕಳಿಸುತ್ತದೆ. ನನ್ನದು ಎಷ್ಟು ಹೊಡೆದರೂ 100 ದಾಟುತ್ತಿರಲಿಲ್ಲ. ಅಂದರೆ ಮೇಲಿನ ಪದರಗಳ ಧ್ವನಿ ನಾನು ಕೇಳಿಯೇ ಇರಲಿಲ್ಲ! ಎಷ್ಟು ವೇಗಕ್ಕೆ ಯಾವ ಅಂಕಿ ಎಂದು ನಿರ್ಧರಿಸುವ ವೆಲಾಸಿಟಿ ಕರ್ವ್ ಬದಲಿಸಿದ ರಾತ್ರಿ ಅದೇ ಪಿಯಾನೊಗೆ ಜೀವ ಬಂತು. ದಯವಿಟ್ಟು ಇದನ್ನು ಸರಿಮಾಡಿಕೊಳ್ಳದೆ ಹೊಸದಕ್ಕೆ ದುಡ್ಡು ಹಾಕಬೇಡಿ.

ಬ್ಲೂಸ್‌ಗೆ ನನ್ನ ಮನಸ್ಸು ಅಪ್‌ರೈಟ್ (ತಂತಿಗಳು ನೆಟ್ಟಗೆ ನಿಂತಿರುವ ಪಿಯಾನೊ) ಕಡೆಗೇ. ಬ್ಲೂಸ್ ಪಿಯಾನೊ ಬೆಳೆದದ್ದೇ ಅಮೆರಿಕದ ದಕ್ಷಿಣದ ಹೆಂಡದಂಗಡಿಗಳ ಹಳೇ ಅಪ್‌ರೈಟ್‌ಗಳ ಮೇಲೆ ಅಲ್ವಾ. ನಾನು ಬಳಸುವುದು ಪಿಯಾನೊಟೆಕ್ ಎಂಬ ಸಾಫ್ಟ್‌ವೇರ್. ಅದರಲ್ಲಿ ರೆಕಾರ್ಡ್ ಮಾಡಿದ ಸ್ವರಗಳಿಲ್ಲ, ಧ್ವನಿಯನ್ನು ಲೆಕ್ಕ ಹಾಕಿ ಆಗಿಂದಾಗಲೇ ಹುಟ್ಟಿಸುತ್ತದೆ. ತಂತಿಗೆ ಬಡಿಯುವ ಹ್ಯಾಮರ್ ಸ್ವಲ್ಪ ಗಟ್ಟಿ ಮಾಡುತ್ತೇನೆ. ಒಂದೇ ಸ್ವರದ ಎರಡು ಮೂರು ತಂತಿಗಳ ಶ್ರುತಿಯನ್ನು ಒಂದು ಕೂದಲೆಳೆಯಷ್ಟು ಬಿಡಿಸುತ್ತೇನೆ. ಎಡಗೈ ಓಡುತ್ತಲೇ ಇರುವ ಚುರುಕು ಬ್ಲೂಸ್ ಆದ ಬೂಗಿವೂಗಿಗೆ ಇದಕ್ಕಿಂತ ಬೇಕಿಲ್ಲ. ಉದ್ದವಾಗಿ ಹಿಡಿದ ಸ್ವರಗಳು ಮಾತ್ರ ಸ್ವಲ್ಪ ಬೋಳು ಅನಿಸುತ್ತವೆ.

ಇದೇ ಧ್ವನಿಯಲ್ಲಿ ಬ್ಯಾಲಡ್ ನುಡಿಸಿ ನೋಡಿ, ಆಗುವುದಿಲ್ಲ. ಮೂಲ ಸ್ವರದಿಂದ 9ನೇ, 13ನೇ ಸ್ವರ ಸೇರಿದ ಕಾರ್ಡ್‌ಗಳು ಹುಳಿಯಾಗುತ್ತವೆ. ಅಲ್ಲಿಗೆ ಶ್ರುತಿ ಕೂತ ಗ್ರ್ಯಾಂಡೇ ಬೇಕು.

ಪಿಯಾನೊ ಬದಲಾದರೆ ಕೈಯೂ ಬದಲಾಗುತ್ತದೆ. 1975ರಲ್ಲಿ ಜರ್ಮನಿಯ ಕೊಲೋನ್‌ನಲ್ಲಿ ಕಛೇರಿಗೆ ಬಂದ ಜಾಝ್ ಪಿಯಾನೊ ವಾದಕ ಕೀತ್ ಜಾರೆಟ್‌ಗೆ ಸಿಕ್ಕಿದ್ದು ಸರಿಯಿಲ್ಲದ ಚಿಕ್ಕ ಗ್ರ್ಯಾಂಡ್. ಮೇಲಿನ ಸ್ವರಗಳು ತೆಳ್ಳಗಿದ್ದವು. ಅವರು ಹೆಚ್ಚಾಗಿ ನಡುಭಾಗದಲ್ಲೇ ಉಳಿದರು, ಎಡಗೈಯಲ್ಲಿ ಒಂದೇ ಓಟವನ್ನು ಮತ್ತೆ ಮತ್ತೆ ಉರುಳಿಸಿದರು. ಅಪ್‌ರೈಟ್ ಹಾಕಿದ ದಿನ ನಾನೂ ಮೇಲಿನ ಎರಡು ಆಕ್ಟೇವ್ ಕಡೆಗೆ ಹೋಗುವುದಿಲ್ಲ. ಸ್ವರ ಬೇಗ ಸತ್ತುಹೋಗುತ್ತದೆ, ಹಾಗಾಗಿ ಟ್ರೆಮೊಲೊ (ಸ್ವರಗಳನ್ನು ಬೇಗ ಬೇಗ ಅದಲುಬದಲು ನುಡಿಸುವುದು) ತಾನಾಗಿಯೇ ಬರುತ್ತದೆ.

ಈಗ ನನ್ನ ಬಳಿ ಎರಡೇ ಪ್ರಿಸೆಟ್ (ಉಳಿಸಿಟ್ಟ ಸೆಟ್ಟಿಂಗ್). ಎರಡರಲ್ಲೂ ಸ್ಟೀರಿಯೊ ಅಗಲವನ್ನು ಅರ್ಧಕ್ಕೆ ಇಳಿಸಿದ್ದೇನೆ, ಇಲ್ಲದಿದ್ದರೆ ಹೆಡ್‌ಫೋನ್‌ನಲ್ಲಿ ಪಿಯಾನೊ ಕೋಣೆಯಷ್ಟು ಅಗಲವಾಗುತ್ತದೆ. ರಿವರ್ಬ್ ಕೊನೆಗೆ, ಒಂದು ಚಿಟಿಕೆ. ಅದೂ ಬ್ಯಾಲಡ್‌ಗೆ ಮಾತ್ರ.