ಅಗಸಿ ಹತ್ತಿರದ ಕಲ್ಲನ್ನು ಓದುವುದು ಹೇಗೆ?

ನಮ್ಮ ಕೊಪ್ಪಳ ಕಡೆಯ ಬಹಳಷ್ಟು ಹಳ್ಳಿಗಳಲ್ಲಿ ಅಗಸಿ (ಊರಬಾಗಿಲು) ಹತ್ತಿರವೋ ಹನುಮಪ್ಪನ ಗುಡಿ ಪಕ್ಕದಲ್ಲೋ ಒಂದು ಕೆತ್ತಿದ ಕಲ್ಲು ಇರುತ್ತದೆ. ಜನ ಎಣ್ಣೆ ಹಚ್ಚುತ್ತಾರೆ, ಕುಂಕುಮ ಇಡುತ್ತಾರೆ. ಯಾರ ಕಲ್ಲು ಅಂತ ಕೇಳಿದರೆ ಯಾರಿಗೂ ಗೊತ್ತಿರುವುದಿಲ್ಲ. ಹಳಗನ್ನಡ ಲಿಪಿ ಬಾರದಿದ್ದರೂ ಅದನ್ನು ಓದಬಹುದು. ನಮ್ಮ ಶಾಲೆಯ ಮಕ್ಕಳಿಗೆ ನಾನು ಹೇಳಿಕೊಡುವುದು ಹೀಗೆ.

ಹೊತ್ತು ಮೂಡಿದ ಕೂಡಲೇ ಹೋಗಿ, ಇಲ್ಲವೇ ಸಂಜೆ. ಓರೆ ಬಿಸಿಲಿನಲ್ಲಿ ಸವೆದ ಗೆರೆಯೂ ಎದ್ದು ಕಾಣುತ್ತದೆ. ಮೋಡವಿದ್ದರೆ ಪಕ್ಕದಿಂದ ಟಾರ್ಚ್ ಹಿಡಿಯಿರಿ. ಧೂಳಿದ್ದರೆ ಬರೀ ನೀರು ಹಾಕಿ ತೊಳೆಯಿರಿ. ತಂತಿ ಬ್ರಷ್, ಸುಣ್ಣ, ಪೇಂಟ್ ಮಾತ್ರ ಖಂಡಿತ ಬೇಡ.

ಹೋರಾಡಿ ಸತ್ತವನ ನೆನಪಿಗೆ ನಿಲ್ಲಿಸಿದ ಕಲ್ಲು ವೀರಗಲ್ಲು. ಅದನ್ನು ಸಾಮಾನ್ಯವಾಗಿ ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಪಟ್ಟಿಯಲ್ಲಿ ಕಾಳಗ. ನಡುವೆ ಅಪ್ಸರೆಯರು ಸತ್ತವನನ್ನು ಕರೆದೊಯ್ಯುತ್ತಾರೆ. ಮೇಲೆ ಅವನು ಲಿಂಗದ ಮುಂದೆ ಕೂತಿರುತ್ತಾನೆ. ಮೇಲಿನ ಎರಡು ಪಟ್ಟಿ ಬಹಳಷ್ಟು ಕಲ್ಲಿನಲ್ಲಿ ಹೆಚ್ಚುಕಡಿಮೆ ಒಂದೇ. ಕೆಳಗಿನದರಲ್ಲೇ ಜಾಸ್ತಿ ಹೊತ್ತು ನಿಲ್ಲಿ. ದನ ಕೆತ್ತಿದ್ದರೆ ಅದು ತುರುಗೋಳು. ದನ ಹೊಡೆದುಕೊಂಡು ಹೋಗುವವರನ್ನು ತಡೆಯಲು ಹೋಗಿ ಸತ್ತವನು ಅವನು. ಹುಲಿ ಇದ್ದರೆ ಹುಲಿಯ ಜೊತೆ ಹೋರಾಡಿದವನು. ಕೈಯಲ್ಲಿ ಬಿಲ್ಲಿದೆಯೋ ಕತ್ತಿಯೋ, ಕುದುರೆ ಇತ್ತೋ, ನೋಡಿ ಬರೆದುಕೊಳ್ಳಿ. ರಾಜರ ಹೆಸರು ಪಾಠದಲ್ಲಿ ಬರುತ್ತವೆ. ಊರಿನ ದನಕ್ಕಾಗಿ ಜೀವ ಕೊಟ್ಟವನಿಗೆ ಈ ಕಲ್ಲು ಬಿಟ್ಟರೆ ಬೇರೆ ಗುರುತೇ ಇಲ್ಲ ಅಲ್ವಾ? ಎಷ್ಟೋ ಕಡೆ ಈ ಪಟ್ಟಿಯೇ ಮಣ್ಣಿನಲ್ಲಿ ಹೂತಿರುತ್ತದೆ. ನೀವೇ ಅಗೆಯಬೇಡಿ, ಪುರಾತತ್ವ ಇಲಾಖೆಗೆ ತಿಳಿಸಿ.

ಬಳೆ ತೊಟ್ಟ ಕೈ ಮೇಲೆತ್ತಿದ್ದರೆ ಅದು ಮಾಸ್ತಿಕಲ್ಲು, ಅಂದರೆ ಸತಿ ಹೋದವಳ ನೆನಪಿನ ಕಲ್ಲು. ಸೂರ್ಯ, ಚಂದ್ರ, ಹಸು, ಕರು ಇದ್ದು ಕೆಳಗೆ ಸಾಲು ಸಾಲು ಅಕ್ಷರವಿದ್ದರೆ ದಾನಶಾಸನ ಇರಬಹುದು. ಸೂರ್ಯ ಚಂದ್ರ ಇರುವ ತನಕ ದಾನ ನಡೆಯಲಿ ಎಂಬುದು ಅದರ ಆಶಯ.

ಇಸವಿ ಲೆಕ್ಕ ಸುಲಭ. ಶಕ ವರ್ಷ ಸಿಕ್ಕರೆ 78 ಕೂಡಿಸಿ. ಚಾಲುಕ್ಯ ದೊರೆ ಆರನೇ ವಿಕ್ರಮಾದಿತ್ಯ ಶುರು ಮಾಡಿದ ಚಾಲುಕ್ಯ ವಿಕ್ರಮ ವರ್ಷವಾದರೆ 1075. ಇಟಗಿಯ ಮಹಾದೇವ ಗುಡಿ 1112ರದ್ದು, ಅಂದರೆ ಶಕ 1034.

ತಜ್ಞರೇ ಬರಲಿ ಅಂತ ಸುಮ್ನೆ ಕಾಯಬೇಡಿ. 1915ರಲ್ಲಿ ಮಸ್ಕಿಯ ಬಂಡೆಯ ಶಾಸನ ಕಂಡದ್ದು ಚಿನ್ನದ ಗಣಿಯ ಇಂಜಿನಿಯರ್ ಬೀಡನ್ ಅವರಿಗೆ. ಶಾಸನಗಳಲ್ಲಿ ಬರುವ ದೇವಾನಾಂಪ್ರಿಯ ಎಂಬ ಬಿರುದಿನ ರಾಜ ಅಂದರೆ ಅಶೋಕನೇ ಅಂತ ಗಟ್ಟಿಯಾದದ್ದು ಆ ಬಂಡೆಯಿಂದ.

ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಫೋಟೊ ತೆಗೆಯಿರಿ. ಕಲ್ಲು ಯಾವ ದಿಕ್ಕಿಗೆ ಮುಖ ಮಾಡಿದೆ, ಮೊದಲು ಎಲ್ಲಿತ್ತು ಅಂತ ಹಿರಿಯರನ್ನು ಕೇಳಿ ಬರೆದಿಡಿ. ರಸ್ತೆ ಅಗಲ ಮಾಡುವಾಗ ಇವು ಜಾಗ ಬದಲಿಸುತ್ತವೆ.