ಅಪಘಾತದ ಕ್ಲೇಮ್ ಕೇಸಿಗೆ ವಕೀಲರನ್ನು ನಾನು ಆರಿಸಿದ ಬಗೆ

ಆಸ್ಪತ್ರೆಯ ವಾರ್ಡಿಗೇ ಬಂದು ವಿಸಿಟಿಂಗ್ ಕಾರ್ಡ್ ಕೊಟ್ಟು ಹೋದವರ ಹೆಸರುಗಳನ್ನು ಮೊದಲೇ ಪಟ್ಟಿಯಿಂದ ಹೊಡೆದುಹಾಕಿದೆ. ವಕೀಲರು ತಾವಾಗಿಯೋ ದಲ್ಲಾಳಿಗಳ ಮೂಲಕವೋ ಕೇಸು ಹುಡುಕಿಕೊಂಡು ಹೋಗಬಾರದೆಂದು ಭಾರತೀಯ ವಕೀಲರ ಪರಿಷತ್ತಿನ 36ನೇ ನಿಯಮ ಹೇಳುತ್ತದೆ. ನಿಯಮದ ಮಾತು ಹಾಗಿರಲಿ, ಅಲ್ಲಲ್ಲಿ ಕಮಿಷನ್ ಕೊಟ್ಟು ತಂದ ಕೇಸಿನಲ್ಲಿ ಆ ಖರ್ಚು ಕೊನೆಗೆ ವಸೂಲಾಗುವುದು ಗಾಯಾಳುವಿನ ಪರಿಹಾರದಿಂದಲೇ. ಕಾಗದ ಪತ್ರ ನೋಡದೆ ‘ಹತ್ತು ಲಕ್ಷಕ್ಕೆ ಮೋಸವಿಲ್ಲ’ ಎಂದವರನ್ನೂ ಬಿಟ್ಟೆ. ಹಾಗೆ ಹೇಳಲು ಸಾಧ್ಯವೇ ಇಲ್ಲ ಎಂಬುದು ಲೆಕ್ಕದ ರೀತಿ ತಿಳಿದರೆ ಗೊತ್ತಾಗುತ್ತದೆ.

ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 166ರಡಿ ಪರಿಹಾರ ಕೇಳಿ ಹಾಕುವ ಅರ್ಜಿಯಲ್ಲಿ ಆಸ್ಪತ್ರೆ ಬಿಲ್ಲು, ನೋವು, ರಜೆಯ ಸಂಬಳ ಎಲ್ಲಕ್ಕೂ ಬೇರೆ ಬೇರೆ ಬಾಬತ್ತುಗಳಿವೆ. ಶಾಶ್ವತ ಊನ ಉಳಿದಿದ್ದರೆ ಬಹುಪಾಲು ದೊಡ್ಡ ಮೊತ್ತ ಬರುವುದು ಭವಿಷ್ಯದ ಗಳಿಕೆಯ ನಷ್ಟದಿಂದ. ತಿಂಗಳ ಆದಾಯವನ್ನು 12ರಿಂದ ಗುಣಿಸಿ, ವಯಸ್ಸಿನ ಗುಣಕದಿಂದ ಗುಣಿಸಿ, ದುಡಿಯುವ ಶಕ್ತಿ ಶೇಕಡಾ ಎಷ್ಟು ಹೋಯಿತೋ ಅಷ್ಟನ್ನು ತೆಗೆಯುವುದು, ಇಷ್ಟೇ ಲೆಕ್ಕ. ಗುಣಕಗಳು 2009ರ ಸರಳಾ ವರ್ಮಾ ತೀರ್ಪಿನಲ್ಲಿವೆ: 25 ವರ್ಷದವರೆಗೆ 18, 26ರಿಂದ 30ಕ್ಕೆ 17, 31ರಿಂದ 35ಕ್ಕೆ 16, ಹೀಗೆ ಇಳಿಯುತ್ತ 51ರಿಂದ 55ಕ್ಕೆ 11, 65 ದಾಟಿದರೆ 5. 34 ವರ್ಷದವರೊಬ್ಬರ ಆದಾಯ ತಿಂಗಳಿಗೆ 20,000, ನಷ್ಟ ಶೇ 15 ಎಂದಿಟ್ಟುಕೊಳ್ಳಿ. 20,000 × 12 × 16ರ ಶೇ 15, ಅಂದರೆ 5,76,000 ರೂಪಾಯಿ. ಆದಾಯಕ್ಕೆ ದಾಖಲೆ ಸಾಲದೆ ನ್ಯಾಯಮಂಡಳಿ ಅದನ್ನು 12,000ಕ್ಕೆ ಇಳಿಸಿದರೆ ಅದೇ ಗಾಯಕ್ಕೆ 3,45,600. 20,000 ಆದಾಯವನ್ನೇ ಒಪ್ಪಿ, ಭವಿಷ್ಯದ ಆದಾಯ ಏರಿಕೆಯೆಂದು ಶೇ 40 ಸೇರಿಸಿದರೆ 8,06,400. ಸ್ವಂತ ದುಡಿಮೆಯವರಿಗೂ ನಿಗದಿತ ಸಂಬಳದವರಿಗೂ 40 ವರ್ಷದೊಳಗೆ ಈ ಶೇ 40 ಎಂದು 2017ರ ಪ್ರಣಯ್ ಸೇಠಿ ತೀರ್ಪು ಹೇಳಿತು. ಅದು ಸಾವಿನ ಪ್ರಕರಣ. ಶಾಶ್ವತ ಊನವಾದ ಗಾಯಾಳುಗಳಿಗೂ ಇದು ಸಲ್ಲುತ್ತದೆಂದು 2020ರಲ್ಲಿ ಪಪ್ಪು ದೇವ್ ಯಾದವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ಕೇಳದಿದ್ದರೆ ಇದು ತಾನಾಗಿ ಬರುತ್ತದೆಂಬ ಭರವಸೆ ಇಲ್ಲ.

ವಯಸ್ಸು, ಗುಣಕ ಎರಡನ್ನೂ ಯಾವ ವಕೀಲರೂ ಬದಲಿಸಲಾರರು. ಅವರ ದುಡಿಮೆ ಕಾಣುವುದು ಆದಾಯದ ರುಜುವಾತಿನಲ್ಲಿ ಮತ್ತು ಊನದ ಶೇಕಡಾವಾರಿನಲ್ಲಿ. ಹಾಗಾಗಿ ಭೇಟಿಯಾದ ಪ್ರತಿಯೊಬ್ಬ ವಕೀಲರಿಗೂ ನಾನು ಕೇಳಿದ್ದು ಎರಡೇ ಮುಖ್ಯ ಪ್ರಶ್ನೆ: ಆದಾಯಕ್ಕೆ ಯಾರನ್ನು ಸಾಕ್ಷಿ ಹಾಕುತ್ತೀರಿ? ಡಾಕ್ಟರನ್ನು ಯಾವಾಗ, ಯಾರನ್ನು ಕರೆಸುತ್ತೀರಿ?

ಮೊದಲನೆಯದಕ್ಕೆ ‘ಸ್ಯಾಲರಿ ಸರ್ಟಿಫಿಕೇಟ್ ತಂದುಕೊಡಿ, ಸಾಕು’ ಎಂದರೆ ಸಾಲದು. ಬರೆದುಕೊಟ್ಟವರು ಕಟಕಟೆಗೆ ಬಂದು ಹಾಜರಿ ಪುಸ್ತಕ, ಸಂಬಳದ ವಹಿ ತೋರಿಸದಿದ್ದರೆ ವಿಮಾ ಕಂಪನಿಯ ವಕೀಲರು ಪಾಟೀ ಸವಾಲಿನಲ್ಲಿ ಆ ಕಾಗದವನ್ನು ಸುಲಭವಾಗಿ ಕೆಡವುತ್ತಾರೆ. ಬ್ಯಾಂಕ್ ಖಾತೆಯ ವಿವರ, ಅಪಘಾತಕ್ಕೆ ಮೊದಲಿನ ಆದಾಯ ತೆರಿಗೆ ರಿಟರ್ನ್, ಫಾರಂ 16 ಇದ್ದರೆ ಗಟ್ಟಿ. ಅಪಘಾತವಾದ ಮೇಲೆ ಅವಸರದಲ್ಲಿ ಸಲ್ಲಿಸಿದ ರಿಟರ್ನನ್ನು ಯಾರೂ ನಂಬುವುದಿಲ್ಲ. ದಾಖಲೆಯೇ ಇಲ್ಲದವರಿಗೆ ಕರ್ನಾಟಕದಲ್ಲಿ ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರ ಲೋಕ ಅದಾಲತ್‌ಗೆಂದು ಮಾಡಿಕೊಂಡಿರುವ ವರ್ಷವಾರು ಕಾಲ್ಪನಿಕ ಆದಾಯದ ಪಟ್ಟಿಯೇ ಗತಿ. ಅಪಘಾತ ನಡೆದ ವರ್ಷದ ಅಂಕಿ ಹಿಡಿಯುತ್ತಾರೆ. ಈ ಪಟ್ಟಿಯ ಹೆಸರೆತ್ತದೆ ಆದಾಯದ ಮಾತಾಡುವವರು ಈ ಕ್ಷೇತ್ರದಲ್ಲಿ ಹೆಚ್ಚು ಓಡಾಡಿದವರಲ್ಲ.

ಡಾಕ್ಟರ್ ವಿಷಯದಲ್ಲಿ ನಾನು ಇನ್ನೂ ಕಟ್ಟುನಿಟ್ಟು. ಮೂಳೆ ವೈದ್ಯರು ‘ಬಲಗಾಲಿಗೆ ಶೇ 45 ಊನ’ ಎಂದು ಬರೆದರೆ ಅದು ಕಾಲಿನ ಲೆಕ್ಕ. ಇಡೀ ದೇಹಕ್ಕೆ ನಮ್ಮ ನ್ಯಾಯಮಂಡಳಿಗಳು ಸಾಮಾನ್ಯವಾಗಿ ಅದರ ಮೂರನೇ ಒಂದು ಭಾಗ, ಅಂದರೆ ಶೇ 15 ಹಿಡಿಯುತ್ತವೆ. ಅದಕ್ಕೂ ಮುಖ್ಯವಾದುದು ಕಸುಬು. 2010ರ ರಾಜ್ ಕುಮಾರ್–ಅಜಯ್ ಕುಮಾರ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಉದಾಹರಣೆಯೇ ಸಾಕು: ಎಡಗೈ ಕಳೆದುಕೊಂಡ ಚಾಲಕನಿಗೋ ಬಡಗಿಗೋ ದುಡಿಮೆ ಪೂರ್ತಿ ಹೋದಂತೆಯೇ. ಸರ್ಕಾರಿ ಗುಮಾಸ್ತನಿಗೆ ಅದೇ ಗಾಯದಿಂದ ಕೆಲಸ ಹೋಗದೇ ಇರಬಹುದು. ಆದ್ದರಿಂದ ‘ನೀವು ಏನು ಕೆಲಸ ಮಾಡ್ತೀರಿ, ನಿಂತು ಮಾಡೋದಾ ಕೂತು ಮಾಡೋದಾ, ಮೆಟ್ಟಿಲು ಹತ್ತಬೇಕಾ, ಭಾರ ಎತ್ತಬೇಕಾ’ ಎಂದು ತಾವಾಗಿ ಕೇಳಿದ ವಕೀಲರಿಗೆ ನನ್ನ ಮನಸ್ಸಿನಲ್ಲಿ ಅಂಕ ಹೆಚ್ಚು. ಚಿಕಿತ್ಸೆ ಕೊಟ್ಟ ವೈದ್ಯರೇ ಸಾಕ್ಷಿ ಹೇಳಿದರೆ ಬೆಲೆ ಹೆಚ್ಚು. ಚಿಕಿತ್ಸೆಯನ್ನೇ ಕೊಡದೆ ಸಿಕ್ಕಸಿಕ್ಕ ಕೇಸಿಗೆಲ್ಲ ಪ್ರಮಾಣಪತ್ರ ಕೊಡುವ ವೈದ್ಯರ ಮಾತನ್ನು ಎಚ್ಚರದಿಂದ ನೋಡಬೇಕೆಂದು ಅದೇ ತೀರ್ಪು ಹೇಳಿದೆ. ‘ನಮ್ಮದೇ ಒಬ್ಬ ಡಾಕ್ಟರ್ ಇದ್ದಾರೆ, ಎಷ್ಟು ಬೇಕೋ ಅಷ್ಟು ಹಾಕಿಸೋಣ’ ಎಂದವರ ಕಚೇರಿಯಿಂದ ಎದ್ದು ಬರಬೇಕು. ಮೂಳೆ ಕೂಡುವ ಮೊದಲೇ, ರಾಡು–ಪ್ಲೇಟು ಒಳಗಿರುವಾಗಲೇ ಊನ ಅಳೆಸುವುದೂ ಪಾಟೀ ಸವಾಲಿಗೆ ಬಾಗಿಲು ತೆರೆದಂತೆ. ಪ್ಲೇಟು ಇನ್ನೂ ಒಳಗೇ ಇದ್ದರೆ, ಮುಂದೆ ಅದನ್ನು ತೆಗೆಸುವ ಶಸ್ತ್ರಚಿಕಿತ್ಸೆಗೆ ಎಷ್ಟಾಗುತ್ತದೆ ಎಂಬ ಅಂದಾಜನ್ನೂ ಅದೇ ವೈದ್ಯರ ಸಾಕ್ಷ್ಯದಲ್ಲಿ ಹಾಕಿಸಬೇಕು. ಇದನ್ನು ಬಹಳ ಮಂದಿ ಮರೆಯುತ್ತಾರೆ.

ವಕೀಲರ ಹತ್ತಿರ ಹೋಗುವ ಮುನ್ನ ನಾನೇ ಒಂದು ಫೈಲು ಕಟ್ಟಿಕೊಂಡಿದ್ದೆ: ಎಫ್‌ಐಆರ್ ಮತ್ತು ದೂರು, ಸ್ಥಳ ಮಹಜರು, ನಕ್ಷೆ, ಮೋಟಾರು ವಾಹನ ನಿರೀಕ್ಷಕರ ವರದಿ, ಗಾಯದ ಪ್ರಮಾಣಪತ್ರ, ಡಿಸ್ಚಾರ್ಜ್ ಸಮ್ಮರಿ, ಎಕ್ಸ್‌ರೇ, ಕ್ರಮವಾಗಿ ಅಂಟಿಸಿದ ಬಿಲ್ಲುಗಳು, ಸೆಕ್ಷನ್ 133ರ ನೋಟಿಸಿಗೆ ವಾಹನ ಮಾಲೀಕ ಕೊಟ್ಟ ಉತ್ತರ. ಈ ಕೊನೆಯದು ಚಿಕ್ಕ ಕಾಗದ, ಆದರೆ ಅಂದು ಗಾಡಿ ಓಡಿಸುತ್ತಿದ್ದವರು ಯಾರೆಂದು ಮಾಲೀಕನೇ ಒಪ್ಪಿಕೊಂಡ ದಾಖಲೆ. ಚಾರ್ಜ್‌ಶೀಟ್ ಬಂದ ಮೇಲೆ ಅದರ ದೃಢೀಕೃತ ನಕಲೂ ಸೇರುತ್ತದೆ. ಎದುರಿನ ವಾಹನದ ವಿಮೆ ಯಾವ ಕಂಪನಿಯದು, ಅಪಘಾತದ ದಿನ ಚಾಲ್ತಿಯಲ್ಲಿತ್ತೇ ಎಂಬುದನ್ನು ಎಂಪರಿವಾಹನ್ ಆ್ಯಪ್‌ನಲ್ಲಿ ನೋಂದಣಿ ಸಂಖ್ಯೆ ಹಾಕಿ ನೋಡಿದೆ.

ಈ ಫೈಲನ್ನು ವಕೀಲರ ಮುಂದಿಟ್ಟು ಸುಮ್ಮನೆ ಕೂರುವುದೇ ಒಳ್ಳೆಯ ಪರೀಕ್ಷೆ. ನುರಿತವರು ಮೊದಲು ತಿರುಗಿಸುವುದು ಬಿಲ್ಲುಗಳ ಕಡೆಗಲ್ಲ. ಮೊದಲ ದಿನ ಆಸ್ಪತ್ರೆಯಲ್ಲಿ ಬರೆದ ಕೇಸ್ ಶೀಟಿನ ಮೊದಲ ಸಾಲುಗಳಿಗೆ, ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ಗಾಯದ ಪ್ರಕರಣ) ನಮೂದಿಗೆ. ಕರೆತಂದವರು ಗಾಬರಿಯಲ್ಲಿ ‘ಗಾಡಿಯಿಂದ ಬಿದ್ದರು’ ಎಂದು ಬರೆಸಿ, ದೂರಿನಲ್ಲಿ ‘ಕಾರು ಗುದ್ದಿತು’ ಎಂದಿದ್ದರೆ, ಪರಿಹಾರಕ್ಕಾಗಿ ವಾಹನವನ್ನು ಆಮೇಲೆ ತಂದು ಸೇರಿಸಿದ್ದಾರೆ ಎಂದು ವಿಮಾ ಕಂಪನಿ ವಾದಿಸುತ್ತದೆ. ಇಡೀ ಕೇಸೇ ವಜಾ ಆಗುವುದು ಇಂಥಲ್ಲಿ. ದೂರು ತಡವಾಗಿದ್ದರೆ ಅದಕ್ಕೂ ವಿವರಣೆ ಬೇಕು. ತಡವಾದದ್ದೊಂದೇ ಕಾರಣಕ್ಕೆ ಕ್ಲೇಮ್ ತಳ್ಳಿಹಾಕಬಾರದೆಂದು 2011ರ ರವಿ–ಬದ್ರಿನಾರಾಯಣ್ ತೀರ್ಪಿದೆ, ಆದರೆ ವಿವರಣೆ ಅರ್ಜಿಯಲ್ಲೇ ಇರಬೇಕು.

ಕಾರಿನೊಳಗೆ ಕೂತಿದ್ದವರ ವಿಷಯವೇ ಬೇರೆ. ಎದುರಿನ ವಾಹನದ ತಪ್ಪಿಲ್ಲದೆ ನಾವು ಕೂತಿದ್ದ ಕಾರಿನ ಚಾಲಕನದ್ದೇ ತಪ್ಪಾದರೆ, ಆ ಕಾರಿನ ಪಾಲಿಸಿ ಯಾವ ಬಗೆಯದು ಎಂಬುದೇ ನಿರ್ಣಾಯಕ. ಪ್ಯಾಕೇಜ್ ಪಾಲಿಸಿ (ಸ್ವಂತ ವಾಹನದ ಹಾನಿಯೂ ಸೇರಿದ ಪೂರ್ಣ ವಿಮೆ) ಇದ್ದರೆ ಖಾಸಗಿ ಕಾರಿನ ಪ್ರಯಾಣಿಕರಿಗೂ ಕಂಪನಿ ಹೊಣೆ. ಬರೀ ಥರ್ಡ್ ಪಾರ್ಟಿ ಪಾಲಿಸಿಯಾದರೆ ಮಾಲೀಕನ ಜೇಬಿನಿಂದಲೇ ವಸೂಲಿ. ತಾನೇ ಓಡಿಸಿ ತಾನೇ ತಪ್ಪು ಮಾಡಿದ ಮಾಲೀಕನಿಗೆ ಸೆಕ್ಷನ್ 166ರಲ್ಲಿ ದಾರಿಯಿಲ್ಲ. 15 ಲಕ್ಷದ ವೈಯಕ್ತಿಕ ಅಪಘಾತ ವಿಮೆಯ ಕಡೆ ನೋಡಬೇಕು, ಅದು ಸಿಗುವುದೂ ಸಾವಿಗೆ ಅಥವಾ ಪಾಲಿಸಿಯಲ್ಲಿ ಪಟ್ಟಿಮಾಡಿದ ಗಂಭೀರ ಊನಕ್ಕೆ ಮಾತ್ರ. ಪಾಲಿಸಿ ಪ್ರತಿಯನ್ನು ಕೇಳದೆ ವಕಾಲತ್ತಿಗೆ ಸಹಿ ಹಾಕಿಸಲು ಹೊರಟವರು ಈ ತೊಡಕನ್ನು ಗಮನಿಸುವುದು ಮೂರನೇ ವರ್ಷಕ್ಕೆ.

ವಕೀಲರಿಗಿಂತ ಮೊದಲು ಊರನ್ನು ಆರಿಸಬೇಕು. ಅಪಘಾತ ನಡೆದ ಸ್ಥಳ, ಅರ್ಜಿದಾರರು ವಾಸಿಸುವ ಅಥವಾ ವ್ಯವಹಾರ ಮಾಡುವ ಸ್ಥಳ, ಪ್ರತಿವಾದಿ ವಾಸಿಸುವ ಸ್ಥಳ, ಎಲ್ಲಿ ಬೇಕಾದರೂ ಅರ್ಜಿ ಹಾಕಬಹುದು. ಚಿತ್ರದುರ್ಗದ ಹೆದ್ದಾರಿಯಲ್ಲಿ ಅಪಘಾತವಾಗಿ, ಮನೆ ಮೈಸೂರಿನಲ್ಲಿದ್ದು, ಚಿಕಿತ್ಸೆಯೂ ಮೈಸೂರಿನಲ್ಲೇ ಆಗಿದ್ದರೆ ಮೈಸೂರೇ ಸರಿ. ಡಾಕ್ಟರ್ ಸಾಕ್ಷಿಗೆ ಬರುವುದು ಸುಲಭ. ಬೆಂಗಳೂರಿನಲ್ಲಿ ಲಘು ವ್ಯವಹಾರಗಳ ನ್ಯಾಯಾಲಯದ ನ್ಯಾಯಾಧೀಶರು ಈ ಕೇಸುಗಳನ್ನು ನಡೆಸುತ್ತಾರೆ, ಜಿಲ್ಲೆಗಳಲ್ಲಿ ಹಿರಿಯ ಸಿವಿಲ್ ಮತ್ತು ಜಿಲ್ಲಾ ನ್ಯಾಯಾಧೀಶರು. ಆ ಕೋರ್ಟಿನಲ್ಲಿ ದಿನವೂ ನಿಲ್ಲುವವರು ಬೇಕು. ಇ-ಕೋರ್ಟ್ಸ್ ಜಾಲತಾಣದಲ್ಲಿ ವಕೀಲರ ಹೆಸರು ಹಾಕಿ ಹುಡುಕಿದರೆ ಅವರ ಎಂವಿಸಿ (ಮೋಟಾರು ವಾಹನ ಪರಿಹಾರ) ಕೇಸುಗಳೆಷ್ಟು, ಇತ್ಯರ್ಥವಾದವು ಎಷ್ಟು ಎಂದು ಕಾಣುತ್ತದೆ. ಹೆಸರು ಹೋಲುವವರು ಬಹಳ ಇರುವುದರಿಂದ ನೋಂದಣಿ ಸಂಖ್ಯೆಯಿಂದ ಹುಡುಕುವುದು ಮೇಲು. ಮುಗಿದ ಕೆಲವು ತೀರ್ಪುಗಳನ್ನು ತೆರೆದು, ಗಾಯಾಳುವಿನ ಜತೆಗೆ ವೈದ್ಯರ ಸಾಕ್ಷ್ಯವೂ ಆಗಿದೆಯೇ ಎಂದು ನೋಡಿದೆ. ಗಂಭೀರ ಗಾಯವಿದ್ದೂ ಅರ್ಜಿದಾರರೊಬ್ಬರದೇ ಸಾಕ್ಷ್ಯದ ಮೇಲೆ ಮುಗಿದ ಕೇಸುಗಳು ಸಾಲಾಗಿ ಸಿಕ್ಕರೆ ಆ ಕಚೇರಿಯ ಕೆಲಸ ಹೇಗೆಂದು ಗೊತ್ತಾಗುತ್ತದೆ.

ಫೀಸಿನ ಮಾತು. ‘ಬಂದದ್ದರಲ್ಲಿ ಇಷ್ಟು ಪರ್ಸೆಂಟ್’ ಎಂಬ ಒಪ್ಪಂದ ಎಷ್ಟೇ ರೂಢಿಯಲ್ಲಿದ್ದರೂ ವಕೀಲರ ಪರಿಷತ್ತಿನ 20ನೇ ನಿಯಮ ಅದನ್ನು ನಿಷೇಧಿಸಿದೆ. ಅದರಲ್ಲಿ ಇನ್ನೊಂದು ಅಪಾಯವೂ ಇದೆ: ಬೇಗ ಬರುವ ಸಣ್ಣ ಮೊತ್ತವೇ ವಕೀಲರಿಗೆ ಲಾಭ, ಡಾಕ್ಟರನ್ನು ಕರೆಸುವ ಶ್ರಮ ನಷ್ಟ. ನಾನು ನಿಗದಿತ ಮೊತ್ತ ಗೊತ್ತು ಮಾಡಿಕೊಂಡು ಕಂತುಗಳಾಗಿ ಹಂಚಿದೆ. ಅರ್ಜಿ ದಾಖಲಾದಾಗ ಒಂದು, ನಮ್ಮ ಕಡೆಯ ಸಾಕ್ಷ್ಯ ಮುಗಿದಾಗ ದೊಡ್ಡದು, ವಾದ ಮುಗಿದಾಗ ಉಳಿದದ್ದು. ನಕಲುಗಳ ಖರ್ಚು, ಸಾಕ್ಷಿಗಳ ಭತ್ಯೆ ಬೇರೆ, ರಸೀದಿಗೆ ತಕ್ಕಂತೆ. ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿದೆವು. ಕೈಯಲ್ಲಿ ದುಡ್ಡಿಲ್ಲದವರು ಪರ್ಸೆಂಟಿಗೆ ಬೀಳುವ ಮೊದಲು ತಾಲ್ಲೂಕು ಅಥವಾ ಜಿಲ್ಲಾ ಕಾನೂನು ಸೇವಾ ಕಚೇರಿಗೆ ಹೋಗಬೇಕು. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ–ಪಂಗಡದವರು, ಅಂಗವಿಕಲರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರನ್ನು ಪಡೆಯುವ ಹಕ್ಕಿದೆ.

ವಕಾಲತ್ತನ್ನು ಪೂರ್ತಿ ಓದಿ ಸಹಿ ಹಾಕಿ. ಅಚ್ಚಾದ ನಮೂನೆಯಲ್ಲಿ ರಾಜಿ ಮಾಡಿಕೊಳ್ಳುವ, ಹಣ ಸ್ವೀಕರಿಸುವ ಅಧಿಕಾರವೂ ಸೇರಿರುತ್ತದೆ. ಆ ಎರಡು ಮಾತುಗಳನ್ನು ಹೊಡೆಸಿ ಪಕ್ಕದಲ್ಲಿ ಸಹಿ ಮಾಡಿಸಿದೆ. ಖಾಲಿ ಹಾಳೆ, ಖಾಲಿ ಚೆಕ್, ಪಾಸ್‌ಬುಕ್, ಎಟಿಎಂ ಕಾರ್ಡ್ ಯಾವುದನ್ನೂ ಕಚೇರಿಯಲ್ಲಿ ಬಿಡುವ ಅಗತ್ಯ ಇಲ್ಲ. ಪರಿಹಾರವನ್ನು ನೇರವಾಗಿ ಸಂತ್ರಸ್ತರ ಬ್ಯಾಂಕ್ ಖಾತೆಗೆ ಹಾಕಬೇಕೆಂದು 2025ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಸೂಚಿಸಿದ ಮೇಲಂತೂ ನೆಪವೇ ಉಳಿದಿಲ್ಲ. ಮೂಲ ದಾಖಲೆ ಕೊಡುವಾಗ ಪಟ್ಟಿ ಮಾಡಿ ಸ್ವೀಕೃತಿ ಪಡೆಯಿರಿ. ಮುಂದೆ ವಕೀಲರನ್ನು ಬದಲಿಸಬೇಕಾದರೆ ಫೀಸು ಬಾಕಿ ಎಂದು ಫೈಲನ್ನು ಹಿಡಿದಿಟ್ಟುಕೊಳ್ಳುವ ಹಕ್ಕು ಅವರಿಗಿಲ್ಲ. 2000ದ ಆರ್.ಡಿ. ಸಕ್ಸೇನಾ ತೀರ್ಪು ಇದನ್ನು ಖಚಿತ ಮಾತಿನಲ್ಲಿ ಹೇಳಿದೆ.

ಇಷ್ಟೆಲ್ಲ ಹುಡುಕಾಟಕ್ಕೆ ಕಾಲಮಿತಿ ಇದೆ. 2022ರ ಏಪ್ರಿಲ್ 1ರಿಂದ ಜಾರಿಯಾದ ತಿದ್ದುಪಡಿಯ ಪ್ರಕಾರ ಅಪಘಾತದ ದಿನದಿಂದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು. ಇದನ್ನು ಸುಪ್ರೀಂ ಕೋರ್ಟ್‌ನಲ್ಲಿ ಪ್ರಶ್ನಿಸಲಾಗಿದೆ, ಅದನ್ನೇ ನಂಬಿ ಕೂರುವುದು ಬೇಡ. ‘ಚಾರ್ಜ್‌ಶೀಟ್ ಬರಲಿ, ಆಮೇಲೆ ಹಾಕೋಣ’ ಎಂಬುದು ಹಳೆಯ ಕಾಲದ ಸಲಹೆ. ಅರ್ಜಿ ಮೊದಲು ಹಾಕಿ ಚಾರ್ಜ್‌ಶೀಟನ್ನು ಆಮೇಲೆ ಹಾಜರುಪಡಿಸಬಹುದು. ಪೊಲೀಸರು ಮೊದಲ ವರದಿಯನ್ನು 48 ಗಂಟೆಯೊಳಗೆ, ವಿವರವಾದ ಅಪಘಾತ ವರದಿಯನ್ನು 90 ದಿನದೊಳಗೆ ನ್ಯಾಯಮಂಡಳಿಗೆ ಕೊಡಬೇಕೆಂಬ ನಿಯಮವೂ ಈಗ ಇದೆ. ಅದು ಸಲ್ಲಿಕೆಯಾಗಿದೆಯೇ ಎಂದು ವಿಚಾರಿಸುವ ವಕೀಲರು ಕಾನೂನಿನ ಜತೆ ಹೆಜ್ಜೆ ಹಾಕುತ್ತಿದ್ದಾರೆ ಎಂದರ್ಥ.

ಕೇಸು ನಡೆಯುವಾಗ ಸಿಎನ್‌ಆರ್ ಸಂಖ್ಯೆ, ಅಂದರೆ ಇ-ಕೋರ್ಟ್ಸ್‌ನಲ್ಲಿ ನಿಮ್ಮ ಕೇಸಿನ ಗುರುತಿನ ಸಂಖ್ಯೆ, ನಿಮ್ಮ ಮೊಬೈಲಿನಲ್ಲಿರಲಿ. 16 ಅಕ್ಷರ–ಅಂಕಿಗಳ ಆ ಸಂಖ್ಯೆ ಹಾಕಿದರೆ ಮುಂದಿನ ದಿನಾಂಕ, ಹಿಂದಿನ ದಿನ ಏನಾಯಿತು ಎರಡೂ ಕಾಣುತ್ತವೆ. ಅರ್ಜಿದಾರರ ಸಾಕ್ಷ್ಯದ ಹಂತದಲ್ಲಿ ಮತ್ತೆ ಮತ್ತೆ ಮುಂದೂಡಿಕೆ ಕಂಡರೆ ಕೇಳಿ. ಲೋಕ ಅದಾಲತ್ ದಿನಾಂಕ ಹತ್ತಿರ ಬಂದಾಗ ಒತ್ತಡ ಬರುತ್ತದೆ. ರಾಜಿ ಕೆಟ್ಟದ್ದೇನೂ ಅಲ್ಲ, ಆದರೆ ಅಲ್ಲಿ ಆದ ತೀರ್ಮಾನಕ್ಕೆ ಮೇಲ್ಮನವಿ ಇಲ್ಲ. ಮೇಲಿನ ಲೆಕ್ಕವನ್ನು ಚೀಟಿಯಲ್ಲಿ ಬರೆದುಕೊಂಡು, ಡಾಕ್ಟರ್ ಸಾಕ್ಷ್ಯ ಆಗಿದ್ದರೆ ಎಷ್ಟು, ಆಗದಿದ್ದರೆ ಎಷ್ಟು ಎಂದು ಹೋಲಿಸಿ ಒಪ್ಪಿಕೊಳ್ಳಿ ಅಥವಾ ಬಿಡಿ. ತೀರ್ಪೇ ಬಂದರೆ ದೃಢೀಕೃತ ಪ್ರತಿಗೆ ಅಂದೇ ಅರ್ಜಿ ಹಾಕಿಸಿ. ಹೈಕೋರ್ಟಿಗೆ ಎಂಎಫ್ಎ (ಇಂಥ ತೀರ್ಪಿನ ಮೇಲಿನ ಮೊದಲ ಮೇಲ್ಮನವಿ) ಸಲ್ಲಿಸಲು 90 ದಿನ, ವಿವಾದದ ಮೊತ್ತ ಒಂದು ಲಕ್ಷಕ್ಕಿಂತ ಕಡಿಮೆಯಿದ್ದರೆ ಮೇಲ್ಮನವಿಗೆ ಅವಕಾಶವಿಲ್ಲ. ಮೇಲ್ಮನವಿಗೆ ಅದೇ ವಕೀಲರೇ ಆಗಬೇಕೆಂದಿಲ್ಲ. ಬೆಂಗಳೂರು, ಧಾರವಾಡ, ಕಲಬುರಗಿ ಪೀಠಗಳಲ್ಲಿ ಯಾವುದು ನಿಮ್ಮ ಜಿಲ್ಲೆಯದೋ ಅಲ್ಲಿ ಎಂಎಫ್ಎ ನಡೆಸುವವರನ್ನು ಇದೇ ರೀತಿ ಹೊಸದಾಗಿ ಹುಡುಕಬೇಕು.