ಕೈ ಬಿಗಿಯಾದ ವರ್ಷದಲ್ಲಿ ನಾವು ಬರೆದ ಹತ್ತು ವರ್ಷದ ಗುರಿ

2020ರ ಲಾಕ್‌ಡೌನ್ ಎಲ್ಲ ಊರುಗಳ ಆದಾಯಕ್ಕೂ ಹೊಡೆತ ಕೊಟ್ಟಿತು. ಯಾದಗಿರಿ ಜಿಲ್ಲೆಗೆ ಮಾತ್ರ ಅದು ಎರಡು ಕಡೆಯಿಂದ ಬಿತ್ತು. ಬೆಂಗಳೂರು, ಮುಂಬೈ, ಹೈದರಾಬಾದಿಗೆ ಗುಳೆ ಹೋಗಿದ್ದ ಕುಟುಂಬಗಳು ವಾಪಸ್ ಬಂದವು. ನಗರಸಭೆಗೆ ಬರುವ ಹಣ ಕಡಿಮೆ, ನೀರು ಕೇಳುವ ಮಂದಿ ಜಾಸ್ತಿ. ದುಡಿಮೆ ಕುಸಿದರೆ ದೊಡ್ಡ ನಗರ ಬಿಟ್ಟು ಜನ ಹೊರಡುತ್ತಾರೆ, ನಮ್ಮಲ್ಲಿಗೆ ಬರುತ್ತಾರೆ. ಇದನ್ನು ಲೆಕ್ಕಕ್ಕೆ ಹಿಡಿಯದೆ ಇಲ್ಲಿನ ಊರಿಗೆ ಯಾವ ದೂರದ ಗುರಿಯನ್ನೂ ಬರೆಯಬಾರದು ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಆಗ ನಾನು ಈ ಜಿಲ್ಲೆಯ ಒಂದು ನಗರಸಭೆಯ ಲೆಕ್ಕ ವಿಭಾಗದಲ್ಲಿದ್ದೆ. ಮುಂದಿನ ಬಜೆಟ್ ಜೊತೆಗೆ ಹತ್ತು ವರ್ಷದ ಗುರಿಪಟ್ಟಿಯನ್ನೂ ಮಾಡೋಣ ಎಂದು ಪೌರಾಯುಕ್ತರು ಹೇಳಿದರು. ಸಂಬಳಕ್ಕೇ ಕಷ್ಟ ಇರುವಾಗ ಇದೆಲ್ಲ ಯಾಕೆ ಎಂದು ಹಲವರು ಕೇಳಿದರು. ನನಗೆ ಅದೇ ಸರಿಯಾದ ಹೊತ್ತು ಅನ್ನಿಸಿತು. ಅನುದಾನ ಧಾರಾಳವಾಗಿ ಬರುವ ವರ್ಷ ಎಲ್ಲರ ಬೇಡಿಕೆಯೂ ಸುಮ್ನೆ ಪಟ್ಟಿಗೆ ಸೇರಿಬಿಡುತ್ತದೆ. ಯಾವುದು ಮೊದಲು ಎಂದು ಯಾರೂ ಕೇಳುವುದಿಲ್ಲ.

ಮೊದಲು ಹಣವನ್ನು ಬಿಡಿಬಿಡಿಯಾಗಿ ಹರಡಿ ನೋಡಿದೆವು. ಮಳಿಗೆ ಬಾಡಿಗೆ, ಕಟ್ಟಡ ಪರವಾನಗಿ ಶುಲ್ಕ ಬೇಗ ಕುಸಿದಿದ್ದವು. ಆಸ್ತಿ ತೆರಿಗೆ ತಡವಾಗಿಯಾದರೂ ಬರುತ್ತಿತ್ತು. ಕೇಂದ್ರದ 15ನೇ ಹಣಕಾಸು ಆಯೋಗ 2021ರಿಂದ 2026ರವರೆಗೆ ನಮ್ಮಂಥ ಊರುಗಳಿಗೆ ಗೊತ್ತುಮಾಡಿದ ಹಣದಲ್ಲಿ ಶೇ. 60 ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಾಗಿತ್ತು. ಉಳಿದ ಶೇ. 40ರಲ್ಲೂ ಸಂಬಳ ಕೊಡುವ ಹಾಗಿರಲಿಲ್ಲ. ನಮ್ಮ ಸ್ವಂತ ಹಣದಲ್ಲಿ ಪರಿಶಿಷ್ಟರಿಗೆ ಶೇ. 24.10, ಇತರ ಬಡವರಿಗೆ ಶೇ. 7.25, ಅಂಗವಿಕಲರಿಗೆ ಶೇ. 5 ಎತ್ತಿಡಬೇಕು. ಕೈ ಬಿಗಿಯಾದಾಗ ಮೊದಲು ಕಣ್ಣು ಬೀಳುವುದು ಈ ಮೊತ್ತದ ಮೇಲೆಯೇ. ಅದನ್ನು ಮುಟ್ಟಕೂಡದು ಎಂದು ಹಾಳೆಯ ತಲೆಯಲ್ಲೇ ಬರೆದಿಟ್ಟೆವು. ಆ ವರ್ಷ ಹೆಚ್ಚು ನೊಂದವರು ಅವರೇ ಅಲ್ವಾ?

ಇಷ್ಟು ಕಳೆದ ಮೇಲೆ ನಮ್ಮಿಷ್ಟದಂತೆ ಖರ್ಚು ಮಾಡಲು ಉಳಿದದ್ದು ತೀರಾ ಸಣ್ಣ ಮೊತ್ತ. ಅದನ್ನು ಕಂಡ ಮೇಲೆ ಚರ್ಚೆ ನೆಲಕ್ಕೆ ಇಳಿಯಿತು.

ಆಮೇಲೆ ಪ್ರತಿ ಬೇಡಿಕೆಯ ಮುಂದೆ ಎರಡು ಅಂಕಣ ಹಾಕಿದೆ. ಒಂದು ಕಟ್ಟುವ ಖರ್ಚು, ಇನ್ನೊಂದು ಕಟ್ಟಿದ ಮೇಲೆ ವರ್ಷವರ್ಷ ನಡೆಸುವ ಖರ್ಚು. ಕಟ್ಟಲು ಹೊರಗಿನಿಂದ ಅನುದಾನ ಬರಬಹುದು. ನಡೆಸುವುದು ಮಾತ್ರ ನಮ್ಮ ತೆರಿಗೆ ದುಡ್ಡಿನಲ್ಲೇ. ಸಭಾಭವನ, ಕಾರಂಜಿ, ಹೊಸ ಉದ್ಯಾನ ಎಲ್ಲ ಎರಡನೇ ಅಂಕಣದಲ್ಲಿ ಬಿದ್ದುಹೋದವು. ಇವುಗಳನ್ನು ಕೇಳಿದ್ದ ಸದಸ್ಯರೊಬ್ಬರು ಆ ಅಂಕಣ ನೋಡಿ ತಾವೇ ಗೀಟು ಎಳೆದರು. ಒಂದು ಊರಿನ ಗುರಿಪಟ್ಟಿಗೆ ಇದಕ್ಕಿಂತ ಒಳ್ಳೆಯ ಜರಡಿ ನನಗೆ ಸಿಕ್ಕಿಲ್ಲ.

ಬಜೆಟ್ ಪೂರ್ವಭಾವಿ ಸಭೆ ಅಂದರೆ ಸಾಮಾನ್ಯವಾಗಿ ಪರಿಚಿತ ಮುಖಗಳೇ. ಈ ಸಲ ಅದರ ಜೊತೆಗೆ ಓಣಿಗಳಿಗೆ ನೀರು ಬಿಡುವ ನೀರುಗಂಟಿಗಳು ಮತ್ತು ಪೌರಕಾರ್ಮಿಕರ ಸಂಗಡ ಬೇರೆ ಕೂತೆವು. ವಾರ್ಡುಗಳಿಗೂ ಹೋದೆವು. ಒಂದು ಓಣಿಯಲ್ಲಿ ವಯಸ್ಸಾದ ತಾಯಿಯೊಬ್ಬರು ಹೇಳಿದ ಮಾತು ನಮ್ಮ ಮೊದಲ ಗುರಿಯನ್ನೇ ಬದಲಿಸಿತು: "ಮೂರ್ ದಿನಕ್ಕೊಮ್ಮೆ ಬಂದ್ರೂ ನಡೀತದ್ರಿ ಸಾಹೇಬ್ರ. ಯಾವ ಹೊತ್ತಿಗಿ ಬರ್ತದ ಅಂತ ಹೇಳ್ರಿ. ನೀರ್ ಕಾಯ್ಕೋತ ಕುಂತ್ರ ಕೂಲಿ ತಪ್ತದ." ನಾವು ತಲಾ ದಿನಕ್ಕೆ 135 ಲೀಟರ್ ಎಂಬ ಮಾನದಂಡವನ್ನೇ ಗುರಿ ಎಂದು ಬರೆದಿದ್ದೆವು. ಅದನ್ನು ಹತ್ತನೇ ವರ್ಷಕ್ಕೆ ಇಟ್ಟೆವು. ಮೊದಲ ಎರಡು ವರ್ಷದ ಗುರಿ: ಹೇಳಿದ ದಿನ, ಹೇಳಿದ ಹೊತ್ತಿಗೆ ನೀರು. ಇದಕ್ಕೆ ಹೊಸ ಟ್ಯಾಂಕ್ ಬೇಕಿಲ್ಲ. ವಾಲ್ವ್ ದುರಸ್ತಿ, ನೀರುಗಂಟಿಗಳ ಪಾಳಿ, ಓಣಿ ಓಣಿಗೆ ಒಂದು ವೇಳಾಪಟ್ಟಿ ಬೇಕು. ಕೂಲಿ ಹೋಗುವ ಮನೆಗೆ ಇದು ನೇರವಾಗಿ ದುಡ್ಡು ಉಳಿಸುತ್ತದೆ.

ಹಂತ ಹಂತವಾಗಿ ಹೋಗುವ ಧೈರ್ಯ ಬಂದದ್ದು ಕಲಬುರಗಿಯನ್ನು ನೋಡಿ. ವಿಶ್ವಬ್ಯಾಂಕ್ ನೆರವಿನಿಂದ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯ ಆಯ್ದ ವಾರ್ಡುಗಳಲ್ಲಿ 2008ರ ಹೊತ್ತಿಗೆ ದಿನವಿಡೀ ನೀರು ಕೊಡುವ ಪ್ರಯೋಗ ನಡೆದಿತ್ತು. ಹೊಸ ಕೊಳವೆ ಹಾಕಿ, ಮನೆಗಳಿಗೆ ಮೀಟರ್ ಕೂರಿಸಿದ್ದರು. ಅದನ್ನು ಇಡೀ ನಗರಕ್ಕೆ ಹರಡುವ ಕೆಲಸಕ್ಕೆ ದಶಕ ದಾಟಿತು. ದೊಡ್ಡ ನಗರಕ್ಕೇ ಅಷ್ಟು ಕಾಲ ಬೇಕಾದರೆ ನಾವು ಎರಡೇ ವರ್ಷದಲ್ಲಿ ಎಂದು ಜನರಿಗೆ ಮಾತು ಕೊಡಬಾರದು.

ಎರಡನೇ ಗುರಿ ಚರಂಡಿ, ರಾಜಕಾಲುವೆ. 2020ರ ಅಕ್ಟೋಬರಿನಲ್ಲಿ ಭೀಮಾ ಉಕ್ಕಿದ್ದು ಎಲ್ಲರಿಗೂ ನೆನಪಿತ್ತು, ಹಾಗಾಗಿ ಇದಕ್ಕೆ ವಾದವೇ ಆಗಲಿಲ್ಲ. ಹೂಳು ಎತ್ತುವ ಕೆಲಸವನ್ನು ಮಳೆಗಾಲಕ್ಕೆ ಮುಂಚೆ ಮುಗಿಸಬೇಕು, ಅಷ್ಟೇ.

ಮೂರನೇ ಗುರಿ ಯಾರ ಕಣ್ಣಿಗೂ ಕಾಣದ್ದು: ಊರಿನ ಪ್ರತಿ ಆಸ್ತಿ ದಾಖಲೆಗೆ ಬರಬೇಕು. ನಾನು ಹೆಚ್ಚು ಹಟ ಹಿಡಿದದ್ದು ಇದಕ್ಕೇ. ಕಷ್ಟದ ವರ್ಷ ತೆರಿಗೆ ದರ ಏರಿಸುವುದು ಅನ್ಯಾಯ. ಆದರೆ ತೆರಿಗೆ ಪಟ್ಟಿಯಲ್ಲೇ ಇಲ್ಲದ ಮನೆ, ಅಂಗಡಿ, ಗೋದಾಮು ಬೇಕಾದಷ್ಟು ಇರುತ್ತವೆ. ಹಂಚಿನ ಮನೆ ಎಂದು ಬರೆದಿರುವ ಕಡೆ ಮೂರು ಅಂತಸ್ತು ನಿಂತಿರುತ್ತದೆ. ಕರವಸೂಲಿಗಾರರು ಮತ್ತು ಕಂದಾಯ ನಿರೀಕ್ಷಕರು ಓಣಿ ತಿರುಗಿ ಅಳತೆ ಮಾಡಿ ಇ-ಆಸ್ತಿ ಎಂಬ ಕಂಪ್ಯೂಟರ್ ಆಸ್ತಿ ದಾಖಲೆಗೆ ಸೇರಿಸಿದರೆ, ದರ ಮುಟ್ಟದೆ ಆದಾಯ ಏರುತ್ತದೆ. ಇದಕ್ಕೆ ಬೇಕಾದ್ದು ದುಡ್ಡಿಗಿಂತ ಜಾಸ್ತಿ ಸಮಯ. ಕಾಮಗಾರಿಗಳು ನಿಂತಿದ್ದರಿಂದ ಆ ವರ್ಷ ಸಿಬ್ಬಂದಿ ಕೈಯಲ್ಲಿ ಸಮಯ ಇತ್ತು.

ಹಾಗೇ ನೀರಿನ ಯೋಜನಾ ವರದಿಯನ್ನೂ ಆಗಲೇ ಮಾಡಿಸಲು ಶುರು ಮಾಡಿದೆವು. ದುಡ್ಡು ಬಂದ ಮೇಲೆ ವರದಿ ಬರೆಯಲು ಕೂತರೆ ತಡ. 2021ರ ಅಕ್ಟೋಬರ್ 1ರಂದು ನಗರಗಳ ನೀರಿಗೆ ಹಣ ಕೊಡುವ ಕೇಂದ್ರದ ಯೋಜನೆ ಅಮೃತ್ 2.0 ಘೋಷಣೆಯಾದಾಗ ನಮ್ಮ ಕೊಳವೆ ನಕ್ಷೆ, ಸೋರುವ ಜಾಗಗಳ ಗುರುತು, ಪಂಪುಗಳ ವಿವರ ಕೈಯಲ್ಲಿದ್ದವು.

ಕೊನೆಯದಾಗಿ ಇನ್ನೊಂದು. ನಮ್ಮ ಜಿಲ್ಲೆಯಲ್ಲಿ 2018ರಲ್ಲಿ ಚುನಾವಣೆ ಗೆದ್ದ ಸದಸ್ಯರು ಅಧ್ಯಕ್ಷರನ್ನು ಆರಿಸಲು 2020ರವರೆಗೆ ಕಾಯಬೇಕಾಯಿತು. ಅಧ್ಯಕ್ಷ ಸ್ಥಾನಗಳ ಮೀಸಲಾತಿ ಪಟ್ಟಿಯ ವಿಷಯ ಕೋರ್ಟಿನಲ್ಲಿತ್ತು. ಅಷ್ಟು ದಿನ ಆಡಳಿತಾಧಿಕಾರಿಗಳೇ ನಡೆಸಿದರು. ಪೌರಾಯುಕ್ತರು ಬದಲಾಗುತ್ತಾರೆ, ಅಧ್ಯಕ್ಷರ ಅವಧಿಯೂ ಚಿಕ್ಕದು. ಹಾಗಾಗಿ ಮೂರೂ ಗುರಿಗಳನ್ನು ಸಾಮಾನ್ಯ ಸಭೆಯಲ್ಲಿಟ್ಟು ಠರಾವು ಮಾಡಿಸಿದೆವು. ಪ್ರತಿ ಗುರಿಗೂ ಹೊಣೆಗಾರ ಹುದ್ದೆ ಯಾವುದು ಎಂದು ಬರೆದೆವು, ವ್ಯಕ್ತಿಯ ಹೆಸರನ್ನಲ್ಲ. ನಿಮ್ಮ ಊರಿನಲ್ಲಿ ಇಂಥದ್ದು ಮಾಡುವುದಾದರೆ ಆ ಠರಾವಿನ ಪ್ರತಿಯನ್ನೂ ಎರಡು ಅಂಕಣದ ಹಾಳೆಯನ್ನೂ ಪ್ರತಿ ವರ್ಷದ ಬಜೆಟ್ ಕಡತದಲ್ಲಿ ಮೊದಲ ಪುಟಕ್ಕೇ ಹಾಕಿಸಿ.